ಕಾಣೆಯಾದವರನ್ನು ಹುಡುಕಲು ವೇಷ ಬೇಕೆ?

ಇಬ್ಬರು ಪತ್ತೇದಾರರು. ಒಬ್ಬರಿಗೊಬ್ಬರು ಎಣ್ಣೆ-ಸೀಗೇಕಾಯಿ. ಆದರೂ ಕಾಣೆಯಾದ ಹುಡುಗಿಯೊಬ್ಬಳನ್ನು ಹುಡುಕಲು ಗಂಡ-ಹೆಂಡತಿಯಂತೆ ನಟಿಸುತ್ತ ಒಂದೇ ಬಾಡಿಗೆ ಮನೆ ಸೇರುತ್ತಾರೆ. ಇಂಥ ಸಿನಿಮಾ, ವೆಬ್ ಸರಣಿಗಳನ್ನು ನಾವೆಲ್ಲ ಮಜವಾಗಿ ನೋಡುತ್ತೇವೆ. ನೋಡುತ್ತ ನೋಡುತ್ತ ಒಂದು ತಪ್ಪು ಪಾಠವನ್ನೂ ಕಲಿಯುತ್ತೇವೆ. ಹುಡುಕುವುದು ಜಾಣ ವೇಷಧಾರಿಗಳ ಕೆಲಸ, ನಮ್ಮ-ನಿಮ್ಮಂಥವರದ್ದಲ್ಲ ಎನ್ನುವುದೇ ಆ ಪಾಠ. ನಮ್ಮ ಕಂಟೋನ್ಮೆಂಟಿನಲ್ಲೇ ನಡೆದ ಒಂದು ಪ್ರಕರಣ ಬೇರೆಯದನ್ನೇ ಹೇಳುತ್ತದೆ.

ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕೆರೆ ಖಲೀಲಿ. ರಿಚ್‌ಮಂಡ್ ರಸ್ತೆಯ ದೊಡ್ಡ ಬಂಗಲೆಯಲ್ಲಿ ಎರಡನೇ ಪತಿ, ‘ಸ್ವಾಮಿ ಶ್ರದ್ಧಾನಂದ’ ಎಂದು ಕರೆಸಿಕೊಳ್ಳುತ್ತಿದ್ದ ಮುರಳಿ ಮನೋಹರ ಮಿಶ್ರಾನ ಜೊತೆ ಇದ್ದರು. 1991ರ ಮೇ ನಂತರ ಅವರು ಯಾರ ಕಣ್ಣಿಗೂ ಬೀಳಲಿಲ್ಲ. ಮುಂಬೈಯಲ್ಲಿದ್ದ ಮಗಳು ಕೇಳಿದಾಗಲೆಲ್ಲ ಅವನು ಒಂದೊಂದು ಉತ್ತರ ಕೊಟ್ಟ. ಒಮ್ಮೆ ಹೈದರಾಬಾದಿಗೆ ಹೋಗಿದ್ದಾರೆ ಎಂದ, ಇನ್ನೊಮ್ಮೆ ಅಮೆರಿಕದ ಆಸ್ಪತ್ರೆಯಲ್ಲಿದ್ದಾರೆ ಎಂದ. ಮಗಳು ಆ ಆಸ್ಪತ್ರೆಯಲ್ಲಿ ವಿಚಾರಿಸಿದಾಗ ಆ ಹೆಸರಿನವರು ಅಲ್ಲಿ ಇರಲೇ ಇಲ್ಲ. ಆಮೇಲೆ ತಾಯಿಯ ಪಾಸ್‌ಪೋರ್ಟ್ ಅವನ ಬಳಿಯೇ ಇರುವುದು ಆಕೆಯ ಕಣ್ಣಿಗೆ ಬಿತ್ತು. 1992ರ ಜೂನ್‌ನಲ್ಲಿ ಆಕೆ ಅಶೋಕನಗರ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಟ್ಟರು.

ದೂರು ಕೊಟ್ಟ ಮೇಲೂ ಸುಮಾರು ಎರಡು ವರ್ಷ ಏನೂ ಆಗಲಿಲ್ಲ. ಕೊನೆಗೆ ತನಿಖೆ ನಗರದ ಅಪರಾಧ ವಿಭಾಗ ಸಿಸಿಬಿಗೆ ಬಂತು. ಮಫ್ತಿಯಲ್ಲಿದ್ದ ಒಬ್ಬ ಕಾನ್‌ಸ್ಟೆಬಲ್ ಆ ಮನೆಯ ಕೆಲಸದವನ ಸ್ನೇಹ ಮಾಡಿ, ಕುಡಿದ ಅಮಲಿನಲ್ಲಿ ಅವನು ಆಡಿದ ಮಾತಿನಿಂದ ಸುಳಿವು ಹಿಡಿದರು ಎಂದು ಪತ್ರಿಕೆಗಳು ಬರೆದಿವೆ. 1994ರ ಮಾರ್ಚ್ ಕೊನೆಯಲ್ಲಿ ಅದೇ ಮನೆಯ ಅಂಗಳವನ್ನು ಅಗೆದಾಗ ಮರದ ಪೆಟ್ಟಿಗೆಯಲ್ಲಿ ಶಾಕೆರೆ ಅವರ ಅವಶೇಷಗಳು ಸಿಕ್ಕವು. ಅಷ್ಟೂ ದಿನ ಗಂಡ ಅದೇ ಮನೆಯಲ್ಲಿ ಆರಾಮವಾಗಿದ್ದ, ಅವರ ಆಸ್ತಿಯನ್ನು ಮಾರುತ್ತಿದ್ದ. 2008ರಲ್ಲಿ ಸುಪ್ರೀಂ ಕೋರ್ಟ್ ಅವನಿಗೆ ಉಸಿರಿರುವವರೆಗೆ ಬಿಡುಗಡೆಯಿಲ್ಲದ ಜೀವಾವಧಿ ಶಿಕ್ಷೆ ವಿಧಿಸಿತು.

ಇಲ್ಲಿಯೂ ಹುಡುಕಿದವರು ಇಬ್ಬರು: ದಿವಾನರ ಮನೆತನದ ಮಗಳು, ಮಫ್ತಿಯ ಕಾನ್‌ಸ್ಟೆಬಲ್. ಒಬ್ಬರಿಗೂ ಇನ್ನೊಬ್ಬರಿಗೂ ಯಾವ ಹೋಲಿಕೆಯೂ ಇಲ್ಲ. ವೇಷ ಕೆಲಸ ಮಾಡಿತಲ್ಲ ಎಂದು ನೀವು ಕೇಳಬಹುದು. ಮಾಡಿತು, ನಿಜ. ಆದರೆ ಠಾಣೆಯಲ್ಲಿ ಆ ದೂರು ಇಲ್ಲದಿದ್ದರೆ ಮಫ್ತಿಯವರು ಯಾರನ್ನು ಹುಡುಕುತ್ತಿದ್ದರು? ಅಂತೆ-ಕಂತೆಗಳನ್ನು ನಂಬದೆ ‘ಅಮ್ಮಿ ಎಲ್ಲಿ?’ ಎಂದು ಬಿಡದೆ ಕೇಳಿದ ಮಗಳೇ ಈ ಪ್ರಕರಣದ ಮೊದಲ ಪತ್ತೇದಾರಳು.

ಈಗ ನಮ್ಮ ತರಗತಿಗೆ ಬನ್ನಿ. ಒಂದು ಬೆಂಚು ತಿಂಗಳುಗಟ್ಟಲೆ ಖಾಲಿ ಇರುತ್ತದೆ. ‘ಊರಿಗೆ ಹೋದಳಂತೆ’, ‘ನಿಕಾಹ್ ಆಯ್ತಂತೆ’, ‘ಗ್ಯಾರೇಜಿಗೆ ಸೇರಿದನಂತೆ’ ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಹಾಜರಿ ಪುಸ್ತಕದಲ್ಲಿ ‘ಗೈರು’ ಎಂದು ಬೀಳುತ್ತದೆ. ಹದಿನೆಂಟು ತುಂಬದ ಹುಡುಗಿಗೆ ಮದುವೆ ಆಗಿದ್ದರೆ ಅದು ಗಾಳಿಸುದ್ದಿಯಾಗಿ ಮುಗಿಯುವ ವಿಷಯವಲ್ಲ, ಕಾನೂನಿನ ಪ್ರಕಾರ ಅಪರಾಧ.

ಕೇಳಿದರೆ ಆ ಮನೆಯ ಇಜ್ಜತ್ ಹೋಗುತ್ತದೆ ಎಂಬ ಅಂಜಿಕೆ ಇದೆ. ಆ ಅಂಜಿಕೆ ಸುಳ್ಳಲ್ಲ. ನಮ್ಮ ಗಲ್ಲಿಗಳಲ್ಲಿ ಮಾತು ಬೇಗ ಹಬ್ಬುತ್ತದೆ. ಆದರೆ ಹತ್ತು ಜನರ ನಡುವೆ ಪಿಸುಗುಟ್ಟುವುದಕ್ಕೂ ಮನೆಗೆ ಹೋಗಿ ‘ಆಂಟಿ, ಅವಳು ಹುಷಾರಾಗಿದ್ದಾಳಾ?’ ಎಂದು ನೇರವಾಗಿ ಕೇಳುವುದಕ್ಕೂ ವ್ಯತ್ಯಾಸವಿದೆ. ಇಜ್ಜತ್ ಕಳೆಯುವುದು ಮೊದಲನೆಯದು.

ಹಾಗೆಂದು ನಾವೇ ಪತ್ತೇದಾರರಾಗುವುದು ಬೇಡ. ಇನ್‌ಸ್ಟಾಗ್ರಾಂನಲ್ಲಿ ಸುಳ್ಳು ಹೆಸರಿನಲ್ಲಿ ಮಾತಾಡಿಸಿ ‘ಪತ್ತೆ’ ಮಾಡಲು ಹೊರಟರೆ ಕಾಣೆಯಾದವರಿಗೂ ನಮಗೂ ಅಪಾಯ. ದೂರು ಕೊಡಲು 24 ಗಂಟೆ ಕಾಯಬೇಕು ಎಂಬ ಮಾತೂ ಸಿನಿಮಾದ್ದೇ; ಅಂಥ ನಿಯಮವಿಲ್ಲ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಕಾಣೆಯಾದ ಮಗುವಿನ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಹದಿನೆಂಟು ತುಂಬದ ನಾವೆಲ್ಲ ಕಾನೂನಿನ ಕಣ್ಣಿನಲ್ಲಿ ಮಕ್ಕಳೇ. ಮಕ್ಕಳ ಸಹಾಯವಾಣಿ 1098, ತುರ್ತು ಕರೆ 112.

ಪ್ರಾಂಶುಪಾಲರಲ್ಲಿ ಒಂದು ಮನವಿ. ಪ್ರತಿ ತರಗತಿಗೂ ಒಬ್ಬ ಅಧ್ಯಾಪಕರು, ಒಬ್ಬ ವಿದ್ಯಾರ್ಥಿ ಸೇರಿದ ಒಂದು ಜೋಡಿಯನ್ನು ನೇಮಿಸಿ. ಹೇಳದೆ ಕೇಳದೆ ಒಂದು ವಾರ ಬಾರದವರ ಮನೆಗೆ ಅವರು ಫೋನ್ ಮಾಡಲಿ. ಉತ್ತರ ಸಿಗದಿದ್ದರೆ ಮನೆಗೇ ಹೋಗಿ ಬರಲಿ. ಉತ್ತರ ‘ಅಂತೆ’ಯಲ್ಲಿ ಮುಗಿದರೆ, ಆ ಮಗುವಿನ ದನಿಯನ್ನೇ ಕೇಳುವವರೆಗೆ ಬಿಡದಿರಲಿ. ಈ ಜೋಡಿಗೆ ಯಾವ ವೇಷವೂ ಬೇಡ, ಕಾಲೇಜಿನ ಗುರುತಿನ ಚೀಟಿ ಸಾಕು.