ಎಸೆಯುವ ಮುನ್ನ ಒಮ್ಮೆ ಬಿಚ್ಚಿ ನೋಡಿ

ಬಿಡಿಭಾಗಗಳನ್ನು ಕೊಂಡು 2015ರಲ್ಲಿ ಜೋಡಿಸಿಕೊಂಡಿದ್ದ ನನ್ನ ಕಂಪ್ಯೂಟರ್ ಆರಂಭವಾಗಲು ನಾಲ್ಕು ನಿಮಿಷ ಬೇಕಾಗಿತ್ತು. ‘ಆಯುಷ್ಯ ಮುಗೀತು ಸಾರ್, ಹೊಸದು ತಗೊಳ್ಳಿ’ ಎಂದರು ಅಂಗಡಿಯವರು. ದೋಷವಿದ್ದುದು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್‌ನ ನಿಧಾನಗತಿಯಲ್ಲಿ ಮಾತ್ರ.

ಎಂ.2 ಮಾದರಿಯ ಎಸ್‌ಎಸ್‌ಡಿ ತಂದೆ. ಕಿಂಡಿಯಲ್ಲಿ ಸಲೀಸಾಗಿ ಕುಳಿತಿತು. ಯಂತ್ರ ಅದನ್ನು ಗುರುತಿಸಲೇ ಇಲ್ಲ. ಡ್ರೈವ್ ಎನ್‌ವಿಎಂಇ ಬಗೆಯದು, ನನ್ನ ಮದರ್‌ಬೋರ್ಡ್‌ನ ಕಿಂಡಿ ಬಲ್ಲದ್ದು ಸಾಟಾ ಒಂದನ್ನೇ. ಬದಲಾಯಿಸಿ ತಂದರೆ, ಹತ್ತು ವರ್ಷದ ಫೋಟೊಗಳಿದ್ದ ಹಳೆಯ ಡಿಸ್ಕೇ ಮಾಯ! ಎಂ.2 ಕಿಂಡಿ ತುಂಬಿದೊಡನೆ ಒಂದು ಸಾಟಾ ಪೋರ್ಟ್ ನಿಷ್ಕ್ರಿಯವಾಗುವುದೆಂದು ಕೈಪಿಡಿಯ ಮೂಲೆಯಲ್ಲಿ, ಇರುವೆಗಾತ್ರದ ಅಕ್ಷರದಲ್ಲಿತ್ತು. ಕೇಬಲನ್ನು ಪಕ್ಕದ ಪೋರ್ಟಿಗೆ ಬದಲಿಸಿದೆ, ಅಷ್ಟೆ. ಈಗ ಇಪ್ಪತ್ತು ಸೆಕೆಂಡು ಸಾಕು.

ರಿಪೇರಿಯ ಹಕ್ಕಿಗೆ ಚೌಕಟ್ಟು ರೂಪಿಸಲು ಕೇಂದ್ರವು 2022ರಲ್ಲಿ ಸಮಿತಿ ನೇಮಿಸಿತ್ತು. ಇಂಥ ಹೊಂದಾಣಿಕೆಯ ವಿವರಗಳನ್ನು ಪೊಟ್ಟಣದ ಮೇಲೆಯೇ, ದಪ್ಪಕ್ಷರದಲ್ಲಿ, ಕನ್ನಡದಲ್ಲೂ ಮುದ್ರಿಸುವುದು ಕಡ್ಡಾಯವಾಗಬೇಕು.