ಕೊಟ್ಟಿಗೆಯ ವಾಸನೆಯೂ ಬಾರ್ನ್‌ಯಾರ್ಡಿನ ಪರಿಮಳವೂ

ಕಳೆದ ತಿಂಗಳು ಬೆಂಗಳೂರಿನಲ್ಲಿ ಬಂಧುಗಳೊಬ್ಬರು ನನ್ನನ್ನು ಊಟಕ್ಕೆ ಕರೆದಿದ್ದರು. ಅವರು ಕೆಲವು ವರ್ಷ ಬ್ರಸೆಲ್ಸಿನಲ್ಲಿ ನೌಕರಿ ಮಾಡಿ ಬಂದವರು. ಊಟಕ್ಕೆ ಮುಂಚೆ ತಂಪು ಕಪಾಟಿನಿಂದ ಬೂಚು ಬಿಗಿದ ಒಂದು ದಪ್ಪ ಗಾಜಿನ ಸೀಸೆಯನ್ನು ಮಗುವನ್ನೆತ್ತುವಂತೆ ಎತ್ತಿ ತಂದರು. ಅದು ಬೆಲ್ಜಿಯಮ್ ಮಾದರಿಯ ‘ಸೇಸನ್’ ಎಂಬ ಬಿಯರು. ಆರು ವರ್ಷ ಕತ್ತಲೆಯಲ್ಲಿಟ್ಟು ಮಾಗಿಸಿದ್ದು. ನೆರೆದವರೆಲ್ಲ ಗ್ಲಾಸನ್ನು ಮೂಗಿಗೆ ಹಿಡಿದರು. ಒಬ್ಬರು ಕಣ್ಣು ಮುಚ್ಚಿ, “ಆಹಾ, ಬಾರ್ನ್‌ಯಾರ್ಡ್!” ಎಂದರು. ಎಲ್ಲರೂ ಗಂಭೀರವಾಗಿ ತಲೆದೂಗಿದರು.

ನಾನೂ ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. “ನಿಜ, ಇದು ದನದ ಕೊಟ್ಟಿಗೆಯ ವಾಸನೆ. ಅದರ ಹಿಂದೆ ಹಗೇವು ತೆರೆದಾಗ ಬರುವ ಮುಗ್ಗಲು. ಕೊನೆಗೆ ನಾಲಿಗೆಯ ಅಂಚಿಗೆ ಎರಡು ದಿನದ ಅಂಬಲಿಯ ಹುಳಿ,” ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು. “ಮೇಷ್ಟ್ರೆ, ನೀವು ಕನ್ನಡದಲ್ಲಿ ಹೇಳಿದರೆ ಕುಡಿಯುವ ಮನಸ್ಸೇ ಹೋಗಿಬಿಡುತ್ತದೆ” ಎಂದರು ಒಬ್ಬ ಮಹಾಶಯರು.

ನಾನೂ ಅವರೊಡನೆ ನಕ್ಕೆ. ಆದರೆ ಆ ಮಾತು ಮನೆಯವರೆಗೆ ನನ್ನ ಬೆನ್ನು ಹತ್ತಿ ಬಂತು. ಬಾರ್ನ್‌ಯಾರ್ಡ್ ಎಂದರೂ ದನದ ಕೊಟ್ಟಿಗೆಯ ಅಂಗಳವೇ, ಕೊಟ್ಟಿಗೆ ಎಂದರೂ ಅದೇ. ಒಂದೇ ವಾಸನೆ ಇಂಗ್ಲಿಷಿನಲ್ಲಿ ಪ್ರಶಂಸೆಯಾಗಿ ಕನ್ನಡದಲ್ಲಿ ನಗೆಪಾಟಲಾಗುವುದು ಹೇಗೆ? ಈ ಲೇಖನದ ಜಗಳ ಇಷ್ಟೇ. ಮದ್ಯ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯನ್ನು ನಾನಿಲ್ಲಿ ಎತ್ತಿಲ್ಲ. ಪರದೇಶದ ಒಕ್ಕಲಿಗನ ಮನೆಯ ವಾಸನೆಗೆ ತಲೆಬಾಗುವ ನಾವು ನಮ್ಮ ಒಕ್ಕಲಿಗನ ಮನೆಯ ವಾಸನೆಗೆ ಮೂಗು ಮುಚ್ಚಿಕೊಳ್ಳುವುದೇಕೆ ಎಂಬುದೇ ನನ್ನ ಪ್ರಶ್ನೆ.

ಮೊದಲು ಆ ಪಾನೀಯದ ಕುಲಗೋತ್ರವನ್ನು ವಿಚಾರಿಸೋಣ. ಅದು ಯಾವ ಅರಮನೆಯಲ್ಲಿಯೂ ಹುಟ್ಟಿದ್ದಲ್ಲ. ಬೆಲ್ಜಿಯಮ್ಮಿನ ದಕ್ಷಿಣ ಭಾಗವಾದ ವಾಲೋನಿಯಾದಲ್ಲಿ, ಮುಖ್ಯವಾಗಿ ಎನೋ ಪ್ರಾಂತದ ಹೊಲಮನೆಗಳಲ್ಲಿ ಹುಟ್ಟಿದ್ದು. ಸೇಸನ್ ಎಂಬ ಫ್ರೆಂಚ್ ಮಾತಿಗೆ ಋತು, ಸುಗ್ಗಿ ಎಂದೇ ಅರ್ಥ. ಚಳಿಗಾಲದಲ್ಲಿ ಹೊಲದ ಕೆಲಸ ಕಡಿಮೆ. ತಂಪಿನಲ್ಲಿ ಹುದುಗು ಕೆಡುವ ಭಯವೂ ಕಡಿಮೆ. ಆಗ ಬಾರ್ಲಿಯನ್ನು ಮೊಳಕೆ ಬರಿಸಿ, ಕುದಿಸಿ, ಹುದುಗಿಸಿ ಇಡುತ್ತಿದ್ದರು. ಉಳಿದ ಚರಟ ದನಕ್ಕೆ ಮೇವಾಗುತ್ತಿತ್ತು. ಬೇಸಿಗೆಯಲ್ಲಿ ಕೊಯ್ಲಿಗೆ ಬಂದ ಕೂಲಿಯಾಳುಗಳ ದಾಹಕ್ಕೆ ಅದನ್ನು ಕೊಡುತ್ತಿದ್ದರು. ಹಳೆಯ ಸೇಸನ್ ಇಂದಿನದಕ್ಕಿಂತ ಹಗುರವಾಗಿತ್ತು. ಕುಡಿದವನು ಮತ್ತೆ ಕುಡುಗೋಲು ಹಿಡಿಯಬೇಕಿತ್ತಷ್ಟೆ! ತೂರ್ಪ್ ಎಂಬ ಹಳ್ಳಿಯ ಒಂದು ಹೊಲಮನೆಯಲ್ಲಿ ೧೮೪೪ರಲ್ಲಿ ಆರಂಭವಾದ ಬಟ್ಟಿ ೧೯೨೦ರಲ್ಲಿ ದ್ಯುಪೋಂ ಮನೆತನದ ಕೈಗೆ ಬಂದು ಇಂದಿಗೂ ನಡೆದಿದೆ. ಈ ಜಾತಿಯ ಬಿಯರಿಗೆ ಜಗತ್ತಿನಲ್ಲೆಲ್ಲ ಮೇಲ್ಪಂಕ್ತಿಯಾಗಿರುವುದು ಆ ಮನೆಯ ಸೇಸನ್. ಅದರಲ್ಲಿ ಮದ್ಯಸಾರ ನೂರಕ್ಕೆ ಆರೂವರೆ. ೨೦೧೬ರಲ್ಲಿ ಯುನೆಸ್ಕೊ ಸಂಸ್ಥೆಯು ಬೆಲ್ಜಿಯಮ್ಮಿನ ಬಿಯರ್ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕೂಲಿಯಾಳಿನ ಮಡಕೆಗೂ ಅದರಲ್ಲಿ ಪಾಲು ದೊರೆಯಿತು.

ಇನ್ನು ಮಾಗಿಸುವ ಮಾತು. ಹಳತಾದುದೆಲ್ಲ ರುಚಿಯಾಗುತ್ತದೆಂಬುದು ಹೊಸ ರಸಿಕರ ಮೂಢನಂಬಿಕೆ. ಬಹುಪಾಲು ಬಿಯರು ಹೊಸದಾಗಿಯೇ ಚೆನ್ನು. ಸೀಸೆಯಲ್ಲಿ ಜೀವಂತ ಹುದುಗು ಉಳಿದಿದ್ದರೆ, ಕತ್ತಲೆಯಿದ್ದರೆ, ಹತ್ತರಿಂದ ಹದಿಮೂರು ಸೆಂಟಿಗ್ರೇಡಿನ ತಂಪಿದ್ದರೆ, ನೆಟ್ಟಗೆ ನಿಲ್ಲಿಸಿ ಗಸಿಯನ್ನು ಕದಡದೆ ಬಿಟ್ಟಿದ್ದರೆ, ಆಗ ಕೆಲವು ಮಾತ್ರ ಮಾಗುತ್ತವೆ. ಹಾಪ್ ಹೂವಿನ ಕಹಿ ವರ್ಷವರ್ಷಕ್ಕೆ ಇಳಿಯುತ್ತದೆ. ಬ್ರೆಟನೊಮೈಸಿಸ್ ಎಂಬ ಕಾಡುಹುದುಗು ಒಳಗಿದ್ದರೆ ಉಳಿದ ಸಕ್ಕರೆಯನ್ನು ನಿಧಾನವಾಗಿ ತಿಂದು ಚಕ್ಕಳ, ಒಣಹುಲ್ಲು, ಕುದುರೆಯ ಜೀನುಗಂಬಳಿ ಇವುಗಳ ವಾಸನೆಯನ್ನು ಎಬ್ಬಿಸುತ್ತದೆ. ೧೯೦೪ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಕ್ಲಾಸೆನ್ ಎಂಬಾತ ಈ ಹುದುಗಿಗೆ ಹೆಸರಿಟ್ಟ. ಬೆಳಕು ಬಿದ್ದರೆ ಬಿಯರು ನಾರುತ್ತದೆ; ಗಾಳಿ ಹೊಕ್ಕರೆ ನೆನೆದ ರಟ್ಟಿನ ರುಚಿ ಬರುತ್ತದೆ. ಮಾಗುವುದಕ್ಕೂ ಹಳಸುವುದಕ್ಕೂ ಇರುವ ಗೆರೆ ಬಹಳ ಸಣ್ಣದು. ಅದನ್ನು ಗುರುತಿಸುವುದೇ ವಿದ್ಯೆ. ಈ ವಿದ್ಯೆಯನ್ನು ನಾನು ಗೌರವಿಸುತ್ತೇನೆ. ಇದು ಬೆಲ್ಜಿಯಮ್ಮಿನವರಿಗೆ ಮಾತ್ರ ತಿಳಿದದ್ದು ಎಂದಾಗ ಮಾತ್ರ ನನಗೆ ಸುಮ್ಮನಿರಲಾಗುವುದಿಲ್ಲ.

ನನ್ನ ಊರು ತುಕ್ಕಾನಟ್ಟಿ. ಈಗ ಮೂಡಲಗಿ ತಾಲೂಕಿಗೆ ಸೇರಿದೆ. ನಾನು ಹುಡುಗನಾಗಿದ್ದಾಗ ಗೋಕಾಕ ತಾಲೂಕು. ಘಟಪ್ರಭೆಯ ನೀರು ಬಂದ ಕಡೆಯಲ್ಲೆಲ್ಲ ಈಗ ಕಬ್ಬು ನಿಂತಿದೆ. ಮೊದಲು ಜೋಳವೇ ಅನ್ನ, ಜೋಳವೇ ಪಾನ. ಸುಗ್ಗಿಯ ಹಿಂದಿನ ಸಂಜೆ ನನ್ನ ಅಜ್ಜಿ ಜೋಳದ ಹಿಟ್ಟನ್ನು ಮಜ್ಜಿಗೆಯ ನೀರಿನಲ್ಲಿ ಕಲಸಿ ಮಣ್ಣಿನ ಗಡಿಗೆಯಲ್ಲಿ ಹುಳಿಯಲು ಇಡುತ್ತಿದ್ದಳು. ಆ ಗಡಿಗೆಯನ್ನು ಪೂರ್ತಿ ತಿಕ್ಕಿ ತೊಳೆಯಲು ಸೊಸೆಯಂದಿರಿಗೆ ಅಪ್ಪಣೆಯಿರಲಿಲ್ಲ. “ಗಡಿಗಿ ಸತ್ತ್ ಹೋಗತೈತಿ” ಎನ್ನುತ್ತಿದ್ದಳು. ಗಡಿಗೆಯ ರಂಧ್ರಗಳಲ್ಲಿ ಉಳಿದ ಜೀವಾಣುಗಳೇ ಮರುದಿನದ ಹುದುಗು ಎಂದು ಇಂದಿನ ವಿಜ್ಞಾನ ಹೇಳುವುದನ್ನು ಅವಳು ಮೂರು ಮಾತಿನಲ್ಲಿ ಹೇಳಿದ್ದಳು. ಬೆಳಗ್ಗೆ ಅದನ್ನು ಕುದಿಸಿ, ಆರಿಸಿ, ಉಪ್ಪು ಜೀರಿಗೆ ಬೆಳ್ಳುಳ್ಳಿ ಹಾಕಿ, ಉಳ್ಳಾಗಡ್ಡಿಯೊಡನೆ ಬುತ್ತಿಯಲ್ಲಿ ಹೊಲಕ್ಕೆ ಒಯ್ಯುವುದು. ಹೊರುವವಳೂ ಕುಡಿಯುವವರೂ ಎನೋ ಪ್ರಾಂತದಲ್ಲಿದ್ದಂತೆ ಬಿಸಿಲಿನಲ್ಲಿ ದುಡಿಯುವ ಜನವೇ.

ತಳಮನೆಯೂ ನಮಗಿತ್ತು. ಗಟ್ಟಿ ನೆಲವನ್ನು ಅಗೆದು, ಬಾಯಿ ಕಿರಿದು ಹೊಟ್ಟೆ ಹಿರಿದು ಮಾಡಿ, ತಳಕ್ಕೂ ಗೋಡೆಗೂ ಒಣ ಕಣಿಕೆ ಹಾಸಿ, ಜೋಳ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಅದೇ ಹಗೇವು. ಒಳಗಿನ ಕಾಳು ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತದೆ; ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಹುಳು ಸಾಯುತ್ತದೆ; ಜೋಳ ವರ್ಷಗಟ್ಟಲೆ ನಿಲ್ಲುತ್ತದೆ. ಸೇಸನ್ನಿನ ಸೀಸೆಯಲ್ಲಿ ಬುರುಗು ಎಬ್ಬಿಸುವುದೂ ಇದೇ ಅನಿಲವೆ! ಬಾಯಿ ತೆರೆದ ಮೇಲೆ ಕೂಡಲೆ ಯಾರೂ ಇಳಿಯಕೂಡದು. ದೀಪವನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಅವಸರಪಟ್ಟು ಪ್ರಾಣ ಕಳೆದುಕೊಂಡವರೂ ಇದ್ದಾರೆ. ಹಗೇವಿನ ಜೋಳಕ್ಕೆ ತನ್ನದೇ ಒಂದು ವಾಸನೆ. ಗೋಡೆಯ ಪಕ್ಕದ ಕಾಳು ಬೇರೆ, ನಡುವಿನ ಕಾಳು ಬೇರೆ ಎಂದು ಹಿಡಿಯಲ್ಲಿ ಹಿಡಿದು ಮೂಸಿ ಬೇರ್ಪಡಿಸುವ ಹಿರಿಯರನ್ನು ನಾನು ಕಂಡಿದ್ದೇನೆ. ಅವರ ಮೂಗಿಗೆ ಯಾರೂ ಪ್ರಶಸ್ತಿಪತ್ರ ಕೊಡಲಿಲ್ಲ.

ಇಲ್ಲಿ ಮೂರು ಆಕ್ಷೇಪಣೆಗಳು ಬರುತ್ತವೆ.

ಅಂಬಲಿ ಬಿಯರಲ್ಲ ಎಂಬುದು ಮೊದಲನೆಯದು. ಒಪ್ಪಿದೆ. ಅಂಬಲಿಯ ಹುಳಿ ಮುಖ್ಯವಾಗಿ ಮೊಸರಿನ ಹುಳಿಯ ಜಾತಿಯದು. ಅದು ಅಮಲಿಗಾಗಿ ಮಾಡಿದ್ದಲ್ಲ, ಅದನ್ನು ಆರು ವರ್ಷ ಇಡಲೂ ಬರುವುದಿಲ್ಲ. ಆದರೆ ನಾನು ಹೋಲಿಸುತ್ತಿರುವುದು ಅಮಲನ್ನಲ್ಲ, ಹದವನ್ನು. ತನ್ನ ಹೊಲದ ಧಾನ್ಯ, ತನ್ನ ಮನೆಯ ಹುದುಗು, ತನ್ನ ಋತುವಿನ ಲೆಕ್ಕ ಇವು ಮೂರರಿಂದ ದುಡಿಯುವವನ ದಾಹವನ್ನು ತಣಿಸುವ ಜಾಣ್ಮೆ ಎರಡೂ ಕಡೆ ಒಂದೇ. ಅವರು ಆ ಜಾಣ್ಮೆಗೆ ಹೆಸರು, ಊರು, ಇಸವಿ ಬರೆದಿಟ್ಟರು. ನಾವು ಗಡಿಗೆಯನ್ನು ಒಡೆದು ಸ್ಟೀಲಿನ ಪಾತ್ರೆ ತಂದೆವು.

ಸಭ್ಯ ಪತ್ರಿಕೆಯಲ್ಲಿ ಕುಡಿತದ ಮಾತೇಕೆ ಎಂಬುದು ಎರಡನೆಯದು. ಕುಡಿತದಿಂದ ಹಾಳಾದ ಮನೆಗಳನ್ನು ಹಳ್ಳಿಯವನಾದ ನಾನೂ ನೋಡಿದ್ದೇನೆ. ಕರ್ನಾಟಕದಲ್ಲಿ ೨೦೦೭ರ ಜುಲೈ ೧ರಿಂದ ಸಾರಾಯಿ ನಿಂತಿತು. ಅದು ಮರಳಿ ಬರಲಿ ಎಂದು ನಾನು ಎಂದೂ ಹೇಳಲಾರೆ. ಆದರೆ ಬಡವನ ಪ್ಯಾಕೆಟ್ಟನ್ನು ಕಂಡಾಗ ನೀತಿಯ ಮಾತನಾಡಿದ ಬಾಯಿ, ಬೆಂಗಳೂರಿನ ಹತ್ತಾರು ಕಿರು ಬಿಯರ್ ತಯಾರಿಕಾ ಮನೆಗಳ ಮುಂದೆ ಸಂಸ್ಕೃತಿಯ ಮಾತನಾಡುವುದು ಯಾವ ನ್ಯಾಯ? ನೀತಿಯಾದರೆ ಇಬ್ಬರಿಗೂ ನೀತಿಯಾಗಲಿ. ರಸಿಕತೆಯಾದರೆ ಇಬ್ಬರಿಗೂ ರಸಿಕತೆಯಾಗಲಿ. ನಮ್ಮ ಹಿಂದಿನವರಿಗೆ ಈ ಮಡಿವಂತಿಕೆ ಇರಲಿಲ್ಲ. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಪಂಪನು ವಿಕ್ರಮಾರ್ಜುನ ವಿಜಯದಲ್ಲಿ ಅದಕ್ಕೆ ಎಡೆಗೊಟ್ಟಿದ್ದಾನೆ. ಹನ್ನೆರಡನೆಯ ಶತಮಾನದ ಶರಣರ ನಡುವೆ ಹೆಂಡದ ಮಾರಯ್ಯನೂ ಕುಳಿತಿದ್ದ. ತನ್ನ ಕಸುಬಿನ ಮಾತುಗಳಿಂದಲೇ ವಚನ ಕಟ್ಟಿದ.

ಮೂರನೆಯದೇ ನನ್ನ ಕಸುಬಿಗೆ ತಟ್ಟುವ ಆಕ್ಷೇಪಣೆ: ಕನ್ನಡದಲ್ಲಿ ಇದಕ್ಕೆಲ್ಲ ಶಬ್ದಗಳಿಲ್ಲವಂತೆ! ನಾಲ್ಕು ದಿನ ಹಳ್ಳಿಯ ಅಡಿಗೆಮನೆಯಲ್ಲಿ ಕುಳಿತು ಕೇಳಿದವರಾರೂ ಈ ಮಾತನ್ನು ಆಡಲಾರರು. ಹುಳಿ, ಒಗರು, ಕನರು, ಸವಳು, ಚಪ್ಪೆ ಇವು ನಾಲಿಗೆಗೆ. ಕಂಪು, ಘಾಟು, ಕಮಟು, ಮುಗ್ಗಲು, ನಾತ ಇವು ಮೂಗಿಗೆ. ನೊರೆ, ಬುರುಗು, ಗಸಿ, ಚರಟ ಇವು ಕಣ್ಣಿಗೆ. ಹುದುಗು, ಮಾಗು, ಕಳಿ, ಹಳಸು ಇವು ಕಾಲಕ್ಕೆ. ಕಮಟು ಎಂದರೆ ಎಣ್ಣೆ ಕೆಟ್ಟ ವಾಸನೆ. ಮುಗ್ಗಲು ಎಂದರೆ ಗಾಳಿಯಿಲ್ಲದೆ ಕೂಡಿಟ್ಟ ವಾಸನೆ. ಒಂದರ ಬದಲು ಇನ್ನೊಂದನ್ನು ಹೇಳಿದರೆ ನನ್ನ ಅಜ್ಜಿ ತಿದ್ದುತ್ತಿದ್ದಳು. ಇನ್ನು ‘ಸೊಗಡು’ ಎಂಬ ಮಾತು! ಮಣ್ಣಿನಿಂದ, ಗಿಡದಿಂದ, ಮೈಯಿಂದ ನೇರವಾಗಿ ಬರುವ ಹಸಿ ವಾಸನೆಯನ್ನು ಅಷ್ಟು ಚಿಕ್ಕದಾಗಿ ಹೇಳುವ ಇಂಗ್ಲಿಷ್ ಶಬ್ದವನ್ನು ನಾನು ಕಾಣೆ. ಕಿಟೆಲ್ ಮಹಾಶಯನು ೧೮೯೪ರಲ್ಲಿ ಮಂಗಳೂರಿನಿಂದ ಹೊರತಂದ ನಿಘಂಟನ್ನು ತೆರೆದರೆ ಇಂಥ ಮಾತುಗಳು ಸಾಲುಸಾಲಾಗಿ ಸಿಕ್ಕುತ್ತವೆ. ಶಬ್ದವಿಲ್ಲವೆಂಬುದು ಸುಳ್ಳು, ಇದ್ದ ಶಬ್ದವನ್ನು ನಾಲ್ಕು ಜನರ ಎದುರಿಗೆ ಉಚ್ಚರಿಸಲು ನಮಗೆ ನಾಚಿಕೆ.

ಈ ನಾಚಿಕೆ ನಮ್ಮ ಸಾಹಿತ್ಯದಿಂದ ಬಂದದ್ದಲ್ಲ. ಚೋಳ ದೊರೆಯ ಮೃಷ್ಟಾನ್ನವನ್ನು ಬಿಟ್ಟು ಶಿವನು ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಸವಿದನೆಂಬ ಕಥೆಯನ್ನು ಶರಣಪರಂಪರೆ ತಲೆತಲಾಂತರದಿಂದ ಹೇಳುತ್ತ ಬಂದಿದೆ. ಕನಕದಾಸರ ರಾಮಧಾನ್ಯಚರಿತೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಪಾಠ ಹೇಳಿದ್ದೇನೆ. ಬೆಂಗಳೂರಿನ ಆ ರಾತ್ರಿಯ ನಂತರವೇ ಅದರ ಒಂದು ಮರ್ಮ ನನಗೆ ಹೊಳೆಯಿತು. ಬತ್ತಕ್ಕೂ ರಾಗಿಗೂ ವಿವಾದ ಬಂದಾಗ ರಾಮನು ತೀರ್ಪು ಕೊಟ್ಟದ್ದು ಹೇಗೆ? ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿದ. ಹೊರಗೆ ತಂದು ನೋಡಿದಾಗ ಉಳ್ಳವರ ಬತ್ತ ಕಳೆಗುಂದಿತ್ತು. ಬಡವರ ರಾಗಿ ಗಟ್ಟಿಯಾಗಿ ನಿಂತಿತ್ತು. ಇದು ತಳಮನೆಯ ಪರೀಕ್ಷೆಯಲ್ಲದೆ ಮತ್ತೇನು? ಕತ್ತಲೆಯಲ್ಲಿ, ಕಾಲದ ಕೈಯಲ್ಲಿ, ಹುಟ್ಟಿನ ಹಮ್ಮು ಉಳಿಯದು, ಸತ್ತ್ವ ಮಾತ್ರ ಉಳಿಯುತ್ತದೆ ಎಂದು ಕನಕದಾಸರು ನಾಲ್ಕು ನೂರು ವರ್ಷಗಳ ಹಿಂದೆಯೇ ತೋರಿಸಿದ್ದರು.

ಕೆಲವರು ಸಮಾಧಾನ ಹೇಳಬಹುದು: ಅಂಬಲಿಗೀಗ ಒಳ್ಳೆಯ ಕಾಲ ಬಂದಿದೆ, ೨೦೨೩ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು, ನಗರದ ಅಂಗಡಿಗಳಲ್ಲಿ ಪುಡಿಯ ಪೊಟ್ಟಣವೇ ಸಿಗುತ್ತದೆ, ಎಂದು. ಆ ಪೊಟ್ಟಣವನ್ನು ನೋಡಿದ್ದೇನೆ. ಅದರ ಮೇಲೆ ನಾರಿನ ಲೆಕ್ಕವಿದೆ, ಸುಣ್ಣದ ಲೆಕ್ಕವಿದೆ. ಯಾವ ಊರಿನ ಜೋಳ, ಯಾರ ಮನೆಯ ಹದ, ಎಷ್ಟು ಹೊತ್ತಿನ ಹುಳಿ ಎಂಬ ಒಂದು ಅಕ್ಷರವೂ ಇಲ್ಲ. ಔಷಧಿಯೆಂದು ಒಳಗೆ ಬಿಟ್ಟುಕೊಂಡಿದ್ದೇವೆ, ರುಚಿಯೆಂದಲ್ಲ. ಸೇಸನ್ನನ್ನು ಯಾರೂ ಮಲಬದ್ಧತೆಗೆ ಒಳ್ಳೆಯದೆಂದು ಕುಡಿಯುವುದಿಲ್ಲ!

ನಾನು ಕೇಳುವುದು ದೊಡ್ಡದೇನೂ ಅಲ್ಲ. ಹಗೇವು ತೋಡಬಲ್ಲವರು, ಗಡಿಗೆಯ ಹದ ಬಲ್ಲವರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಇನ್ನು ಹದಿನೈದು ವರ್ಷಕ್ಕೆ ಇರುವುದಿಲ್ಲ. ತುಕ್ಕಾನಟ್ಟಿಯಲ್ಲಿಯೇ ಕೃಷಿ ವಿಜ್ಞಾನ ಕೇಂದ್ರವಿದೆ. ನಾಡಿನ ಕಾಲೇಜುಗಳಲ್ಲಿ ಕನ್ನಡ ಎಂ.ಎ. ಮಾಡುವ ಹುಡುಗ ಹುಡುಗಿಯರು ಸಾವಿರಾರು ಮಂದಿ ಇದ್ದಾರೆ. ಅವರು ಕವಿಯ ಕಾಲ ನಿರ್ಣಯ ಮಾಡುವುದರ ಜೊತೆಗೆ ತಮ್ಮ ತಮ್ಮ ಊರಿನ ಅಂಬಲಿ ಎಷ್ಟು ಬಗೆ, ಹುಳಿಗೆ ಎಷ್ಟು ಹೆಸರು, ಹಗೇವಿಗೆ ಯಾವ ಮಣ್ಣು ಎಂಬುದನ್ನು ತಾಲೂಕುವಾರು ಬರೆದಿಡಲಿ. ಈ ಮಾತನ್ನು ಹೇಳುವಾಗ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು: ನಾನೂ ಇಪ್ಪತ್ತು ವರ್ಷ ಪಾಠ ಹೇಳಿದೆ, ನನ್ನ ಅಜ್ಜಿಯ ಬಾಯಿಂದ ಒಂದು ಪುಟವನ್ನೂ ಬರೆದುಕೊಳ್ಳಲಿಲ್ಲ. ಅವಳು ಹೋದಳು, ಗಡಿಗೆಯೂ ಹೋಯಿತು.

ಬಂಧುಗಳ ಮನೆಯಲ್ಲಿ ಅಂಥ ಸೀಸೆ ಇನ್ನೊಂದು ಇದೆಯಂತೆ. ಎರಡು ವರ್ಷ ಕಳೆದು ತೆರೆಯುವಾಗ ನನ್ನನ್ನು ಮತ್ತೆ ಕರೆಯುವುದಾಗಿ ಹೇಳಿದ್ದಾರೆ. ಹೋಗುತ್ತೇನೆ. ಆಗಲೂ ಕೊಟ್ಟಿಗೆಯನ್ನು ಕೊಟ್ಟಿಗೆಯೆಂದೇ ಕರೆಯುತ್ತೇನೆ. ನಗುವವರು ನಗಲಿ.