ಯಾರ ಜಗುಲಿ ಮೇಲೆ ಕೂತು ಬರೆದಿರಿ ಸ್ವಾಮಿ?



ಹಾಸ್ಟೆಲ್ಲಿನಲ್ಲಿದ್ದು ಸಮಾಜಶಾಸ್ತ್ರ ಓದುವ ನಮ್ಮ ಹುಡುಗರಿಗೆ ಮೊದಲ ವರ್ಷದಲ್ಲೇ ಒಂದು ಮಾತು ಉರು ಹೊಡೆಸುತ್ತಾರೆ: ಸಂಶೋಧನೆ ವಸ್ತುನಿಷ್ಠವಾಗಿರಬೇಕು, ಮೌಲ್ಯಮುಕ್ತವಾಗಿರಬೇಕು. ಪರೀಕ್ಷೆಗೆ ಬರೀರಿ, ಅಂಕ ತಗೊಳ್ಳಿ. ನಂಬಬೇಡಿ. ನಮ್ಮವನೊಬ್ಬ ತನ್ನ ಹಟ್ಟಿಯ ಮೇಲೆ ಪ್ರಬಂಧ ಬರೀತೀನಿ ಅಂದರೆ 'ನೀನು ಅದೇ ಜಾತಿಯವನು, ವಸ್ತುನಿಷ್ಠತೆ ಇರಲ್ಲ' ಅಂತಾರೆ. ಅಗ್ರಹಾರದವರು ಅಗ್ರಹಾರದ ಬಗ್ಗೆ ಬರೆದರೆ ಅದು ಪಾಂಡಿತ್ಯ! ಇದಕ್ಕೆಲ್ಲ ಮ್ಯಾಕ್ಸ್ ವೇಬರನ ಹೆಸರು ಬೇರೆ. ಯಾವ ಪ್ರಶ್ನೆ ಎತ್ತಬೇಕು ಎಂಬುದು ಮೌಲ್ಯದಿಂದಲೇ ಬರುತ್ತದೆ ಅಂತ ಆ ವೇಬರನೇ ಹೇಳಿದ್ದ.

ನಮ್ಮ ಹೊಸದುರ್ಗ ತಾಲ್ಲೂಕಿನ ಮತ್ತೋಡನ್ನೇ ತಗೊಳ್ಳಿ. 1799ರಲ್ಲಿ ಟಿಪ್ಪು ಬಿದ್ದ. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ ಬುಕಾನನ್ ಎಂಬ ಕಂಪನಿ ಡಾಕ್ಟರನ್ನು ಮೈಸೂರು ಸೀಮೆ ನೋಡಿ ಬಾ ಅಂತ ಕಳಿಸಿದ. ಬೇಸಾಯ ನೋಡು, ಹತ್ತಿ ನೋಡು, ಮೆಣಸು ಗಂಧ ಏಲಕ್ಕಿ ನೋಡು ಎಂದು ಅಪ್ಪಣೆ. ಮತ್ತೋಡಿನ ಬಳೆಗಾಜಿನ ಕುಲುಮೆಗಳ ವಿಚಾರ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿದೆ. ಸುಳ್ಳು ಬರೆದ ಅನ್ನಲ್ಲ. ಆದರೆ ಪ್ರಶ್ನೆ ಯಾರದು? ಈ ನೆಲದಿಂದ ಏನು ಹುಟ್ಟುತ್ತೆ ಎಂಬುದು ಕಂಪನಿಯ ಪ್ರಶ್ನೆ. ಜನರ ಊಟ ಬಟ್ಟೆಯನ್ನೂ ವಿಚಾರಿಸಿದರು ನಿಜ, ಸಂತೆಯಲ್ಲಿ ದನ ಕೊಳ್ಳೋನು ಹಲ್ಲು ಎಣಿಸಿದ ಹಾಗೆ.

ಕಂಪನಿ ಹೋಯಿತು, ನಮ್ಮವರೇ ಬಂದರು. 1948ರಲ್ಲಿ ಎಂ. ಎನ್. ಶ್ರೀನಿವಾಸರು ಮೈಸೂರು ಕಡೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಅಧ್ಯಯನ ಮಾಡಿದರು. ಹೆಸರು ಮರೆಸಿ 'ರಾಂಪುರ' ಅಂದರು. 1970ರಲ್ಲಿ ಅಮೆರಿಕದಲ್ಲಿ ಯಾರೋ ಇಟ್ಟ ಬೆಂಕಿಗೆ ಅವರ ಟಿಪ್ಪಣಿಗಳು ಸುಟ್ಟವು. ನೆನಪಿನಿಂದ ಬರೆದ ಪುಸ್ತಕ 1976ರಲ್ಲಿ ಬಂತು. ಓದಬೇಕಾದ ಪುಸ್ತಕವೇ. ಅವರು ಅಯ್ಯಂಗಾರರು, ಇಳಿದುಕೊಂಡದ್ದು ಊರ ಪಟೇಲರಿಗೆ ಸೇರಿದ ಮನೆಯಲ್ಲಿ. ಪಟೇಲರ ಅತಿಥಿ ಕೇರಿಗೆ ಹೋಗಿ ಚಾಪೆ ಮೇಲೆ ಕೂರೋಕಾಗುತ್ತಾ? ತಮ್ಮ ಚಿತ್ರ ಮೇಲ್ಜಾತಿಯವರ ಕಡೆ ವಾಲಿದೆ, ಹರಿಜನರ (ಅದು ಅವರ ಮಾತು), ಮುಸ್ಲಿಮರ ನಡುವೆ ತಾವು ಸಾಕಷ್ಟು ಇರಲಿಲ್ಲ ಅಂತ ಅವರೇ ಒಪ್ಪಿದ್ದಾರೆ. ಆ ಪ್ರಾಮಾಣಿಕತೆಗೆ ನಮಸ್ಕಾರ. ಪಾಠ ಹೇಳೋರಿಗೆ ಆ ಪುಟ ಮಾತ್ರ ಕಾಣಲ್ಲ.

'ಪ್ರಬಲ ಜಾತಿ' ಎಂಬ ಮಾತು ಕೊಟ್ಟವರೂ ಅವರೇ. ಅದು ನಮಗೂ ಆಯುಧ. ಆದರೆ ಕೊಡಗಿನ ಮೇಲಿನ 1952ರ ಪುಸ್ತಕದ 'ಸಂಸ್ಕೃತೀಕರಣ' ನೋಡಿ. ಕೆಳಗಿನವರು ಮೇಲಿನವರ ಆಚಾರ ಹಿಡಿದು ಮೇಲೇರ್ತಾರಂತೆ. ಮೇಲು ಯಾವುದು ಅಂತ ಗೊತ್ತು ಮಾಡಿದವರು ಯಾರು? ಈ ಏಣಿ ಅಸ್ಪೃಶ್ಯರಿಗೆ ದಕ್ಕಲ್ಲ ಅಂತ ಅವರಿಗೂ ಗೊತ್ತಿತ್ತು. ಆದರೂ ಏಣಿಗೆ ಶಾಸ್ತ್ರದಲ್ಲಿ ಹೆಸರು ಬಂತು. ಏಣಿ ಎಳೆದುಕೊಂಡವರ ಕೆಲಸಕ್ಕೆ ಅಂಥ ಹೆಸರು ಬರಲಿಲ್ಲ.

1916ರ ಮೇ 9ರಂದು ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯದಲ್ಲಿ ಜಾತಿಯ ಮೇಲೆ ಪ್ರಬಂಧ ಓದಿದರು. ವಯಸ್ಸು 25. ಸೆನಾರ್ಟ್, ರಿಸ್ಲೆ, ಕೇತ್ಕರ್ ಎಲ್ಲರನ್ನೂ ಎದುರಿಗಿಟ್ಟುಕೊಂಡೇ ವಾದ ಹೂಡಿದರು. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಇವೆಲ್ಲ ಮದುವೆಯನ್ನು ಜಾತಿಯೊಳಗೇ ಕಟ್ಟಿಹಾಕುವ ಉಪಾಯ ಅಂತ ಬಿಡಿಸಿ ತೋರಿಸಿದರು. ಧರ್ಮ ಅಂತ ಕೈಮುಗಿದವರಿಗೆ ಕಾಣದ್ದು ಏಟು ತಿಂದವರಿಗೆ ಕಂಡಿತು. ಅಷ್ಟಕ್ಕೇ ಅವರ ತರ್ಕ ಸಡಿಲವಾಯಿತೆ?

ಹಾಗಂತ ಏಟು ತಿಂದವರು ಬರೆದದ್ದೆಲ್ಲ ನಿಜ ಅಂತಲ್ಲ. ಹಟ್ಟಿಯಲ್ಲಿ 40 ಮನೆ ಇದ್ದರೆ 40 ಅಂತಲೇ ಬರೀಬೇಕು, ಭಾಷಣಕ್ಕೆ ಚೆನ್ನಾಗಿರುತ್ತೆ ಅಂತ 60 ಅನ್ನಬಾರದು. ಹೊಲೆಯರು ಮಾದಿಗರ ಮನೆ ನೀರು ಕುಡೀತಾರೋ ಇಲ್ಲವೋ, ಗಂಡಸರು ಉಂಡ ಮೇಲೆ ಹೆಂಗಸರಿಗೆ ಎಷ್ಟು ಮುದ್ದೆ ಉಳೀತು, ಅದನ್ನೂ ಬರೀಬೇಕು. ನೋಯುತ್ತೆ, ಆದರೂ ಬರೀರಿ.

ಪ್ರಶ್ನಾವಳಿ ಹಿಡಿದು ಯಾರೇ ಹಟ್ಟಿಗೆ ಬರಲಿ, ಅವರು ಬಾಯಿ ತೆಗೆಯೋಕೆ ಮುಂಚೆ ನೀವು ಕೇಳಿ. ಈ ಕೆಲಸಕ್ಕೆ ದುಡ್ಡು ಯಾರದು? ಊರಿಗೆ ಬಂದ ದಿನ ಮೊದಲು ಯಾರ ಮನೆ ಕಾಫಿ ಕುಡಿದಿರಿ? ನಮ್ಮ ಮನೇಲಿ ಕುಡೀತೀರಾ? ಬರೆದದ್ದನ್ನು ಕನ್ನಡದಲ್ಲಿ ನಮಗೆ ಓದಿ ಹೇಳ್ತೀರಾ? ಅವರು ಕೊಟ್ಟ ಉತ್ತರವನ್ನು ಅವರದೇ ಪ್ರಶ್ನಾವಳಿಯ ಮೊದಲ ಪುಟದಲ್ಲಿ ಬರೆಸಿ.